ಕುರುಡನ ಪದದ ಏಳನೇ ನುಡಿ

ಅಪ್ಪ ಬಸ್ಸಿನ ಬಾಗಿಲ ಕಂಬಿ ಹಿಡ್ಕಂಡು ನಿಂತ್ಬಿಟ್ಟ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಹತ್ತಲ್ಲ, ಇಳಿಯಲ್ಲ.

"ಹತ್ತಪ್ಪಾ," ಅಂದೆ ಹಿಂದಿಂದ.

"ನಾನು ಬರಲ್ಲ ಕಣ್ಲಾ."

"ಬರಲ್ಲ ಅಂದ್ರೆ ಹೆಂಗೆ? ಡಾಕ್ಟ್ರು ಚೀಟಿ ಬರ್ದವ್ರೆ. ಇವತ್ತೇ ಅಡ್ಮಿಟ್ ಆಗ್ಬೇಕು."

"ಬರ್ಕಳ್ಳಿ. ನಂಗೆ ಆಪರೇಷನ್ ಬ್ಯಾಡ."

ಹಿಂದೆ ಜನ ನೂಕ್ತಾ ಇದ್ರು. ಹಳೇಬೀಡಿಂದ ಹಾಸನಕ್ಕೆ ಹೋಗೋ ಬೆಳಗಿನ ಬಸ್ಸು, ಸ್ಕೂಲು ಕಾಲೇಜು ಮಕ್ಕಳು, ಹಾಲಿನ ಕ್ಯಾನು, ಎಲ್ಲಾ ಅದರಲ್ಲೇ. ಕಂಡಕ್ಟರ್ ಒಳಗಿಂದ ಕೂಗ್ದ. "ಯಜಮಾನ್ರೇ, ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ. ಬಾಗ್ಲೇನು ನಿಮ್ಮಪ್ಪಂದಾ?"

"ನಮ್ಮಪ್ಪಂದಲ್ಲ, ಸರ್ಕಾರದ್ದು," ಅಂದ ಅಪ್ಪ. ಅಂದು ಇಳಿದೇಬಿಟ್ಟ. ಬಸ್ಸು ಹೋಯ್ತು. ಬಟ್ಟೆ ಬರೆ ತುಂಬಿದ್ದ ಚೀಲ ನನ್ನ ಕೈಲಿ, ಅಪ್ಪ ಇನ್ನೊಂದು ಕೈಲಿ. ಎಂಟು ಗಂಟೆ ಬಿಸಿಲಲ್ಲಿ ಇಬ್ರೂ ಬಸ್ ಸ್ಟ್ಯಾಂಡಲ್ಲಿ ನಿಂತಿದ್ವಿ.

ಇದು ತೊಂಬತ್ತೆಂಟು, ತೊಂಬತ್ತೊಂಬತ್ತರ ಮಾತು. ನಂಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ನಮ್ಮೂರು ಹಳೇಬೀಡಿಗೂ ಬೇಲೂರಿಗೂ ಮಧ್ಯ. ಬೇಲೂರು ಬಸ್ ಸ್ಟ್ಯಾಂಡ್ ಪಕ್ಕ ನಾನು ಪಂಕ್ಚರ್ ಅಂಗಡಿ ಇಟ್ಕಂಡಿದ್ದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಅಪ್ಪ ಬೇಸಾಯಗಾರ. ಎಡಗಣ್ಣು ಹೋಗಿ ಆಗ ಎರಡು ವರ್ಷ ಆಗಿತ್ತು. ಪೊರೆ ಬಂದಾಗ ತೋರಿಸ್ಲಿಲ್ಲ, ಅದು ಒಳಗೇ ಕೆಟ್ಟು ನೋವು ಬಂದು, ನೋವು ನಿಲ್ಲೋ ಹೊತ್ತಿಗೆ ಕಣ್ಣೂ ನಿಂತೋಯ್ತು. ಈಗ ಬಲಗಣ್ಣಿಗೂ ಅದೇ ಪೊರೆ. ಹಳೇಬೀಡಿನ ಸ್ಕೂಲಲ್ಲಿ ಕಣ್ಣಿನ ಕ್ಯಾಂಪ್ ಹಾಕಿದ್ರು. ಅಲ್ಲಿ ಡಾಕ್ಟ್ರು ಟಾರ್ಚ್ ಬಿಟ್ಟು ನೋಡಿ ನನ್ನನ್ನ ಪಕ್ಕಕ್ಕೆ ಕರೆದ್ರು. "ಪೊರೆ ಪೂರ್ತಿ ಹಣ್ಣಾಗಿದೆ. ಒಂದು ತಿಂಗಳೊಳಗೆ ತೆಗೆಸ್ಬೇಕು. ತಡ ಆದ್ರೆ ಎಡಗಣ್ಣು ಹೋದಂಗೇ ಇದೂ ಹೋಗುತ್ತೆ. ಆಮೇಲೆ ನನ್ನತ್ರ ಬಂದು ಅಳಬೇಡಿ," ಅಂದ್ರು.

ಇಷ್ಟೇ ವಿಷಯ. ಒಂದು ತಿಂಗಳು, ಒಂದು ಕಣ್ಣು. ಇದರಲ್ಲಿ ಯೋಚ್ನೆ ಮಾಡೋದು ಏನೈತೆ?

ಐತೆ ಅಂದ ಅಪ್ಪ. ಒಂದು ಪದ ಐತೆ.

ಆ ಪದದ ವಿಷಯ ಹೇಳ್ಬೇಕು, ಇಲ್ದಿದ್ರೆ ತಿಳಿಯಲ್ಲ. ನಮ್ಮೂರಲ್ಲಿ ಶನಿವಾರ ಸಂಜೆ ರಂಗಪ್ಪನ ಗುಡಿ ಜಗಲಿ ಮೇಲೆ ಭಜನೆ. ಅದರಲ್ಲಿ ಕೊನೇ ಪದ ಅಪ್ಪಂದು, ಅದು ಯಾವಾಗ್ಲೂ ಒಂದೇ ಪದ. ಊರವರು ಅದಕ್ಕೆ ಕುರುಡನ ಪದ ಅಂತಾರೆ. ನಮ್ಮ ತಾತ ಅರಸೀಕೆರೆ ಸ್ಟೇಷನ್ನಲ್ಲಿ ಮೂಟೆ ಹೊರೋವಾಗ ರೈಲಲ್ಲಿ ಹಾಡ್ಕಂಡು ಬರೋ ಯಾರದೋ ಬಾಯಿಂದ ಕಲ್ತಿದ್ದಂತೆ. ತಾತ ಅಪ್ಪನಿಗೆ ಕಲಿಸ್ದ. ಏಳು ನುಡಿ.

ಒಬ್ಬ ಕುರುಡ. ದಿನಾ ಮುಸ್ಸಂಜೆ ದೇವಸ್ಥಾನಕ್ಕೆ ದೀಪ ಹಚ್ಕಂಡು ಬತ್ತಾನೆ. ಜನ ನಗ್ತಾರೆ, ನಿಂಗ್ಯಾಕಯ್ಯಾ ದೀಪ ಅಂತ. ನಂಗಲ್ಲ, ಒಳಗೆ ಕುಂತವನಲ್ಲ ಅವನಿಗೆ, ಗರ್ಭಗುಡಿ ಕತ್ಲು, ಪಾಪ ನಾನು ಅವನಿಗೆ ಕಾಣ್ತಾ ಇಲ್ಲ ಅಂತಾನೆ. ಮೆಟ್ಲಲ್ಲಿ ಎಡವಿ ಬಿದ್ದೆ, ನಾಯಿ ಕಚ್ತು, ಊಟದ ತಟ್ಟೆ ಯಾರೋ ಎತ್ಕಂಡೋದ್ರು. ಸ್ವಾಮಿ, ನೀನು ನೋಡಿದ್ದಿದ್ರೆ ಇದನ್ನೆಲ್ಲಾ ಬಿಡ್ತಿದ್ಯಾ? ಬಿಡ್ತಿರ್ಲಿಲ್ಲ. ಅಂದ್ರೆ ನಿಂಗೆ ಕಂಡಿಲ್ಲ. ತಪ್ಪು ನಿಂದಲ್ಲ, ಕತ್ಲೇದು. ಹಂಗಂತ ಬತ್ತಿ ದೊಡ್ಡದು ಮಾಡ್ತಾನೆ. ಆರನೇ ನುಡೀಲಿ ದೇವ್ರು ಎದ್ದು ಬಂದು, ತಗಳಪ್ಪ ನಿಂಗೆ ಎರಡು ಕಣ್ಣು ಕೊಡ್ತೀನಿ ಅಂತಾನೆ. ಏಳನೇದರಲ್ಲಿ ಕುರುಡ, ಬ್ಯಾಡ ಸ್ವಾಮಿ, ಆ ಎರಡೂ ನೀನೇ ಇಟ್ಕಾ, ನಿಂಗೇ ಬೇಕಾಯ್ತವೆ, ನಂಗೆ ದೀಪಕ್ಕೆ ಎಣ್ಣೆ ಕೊಟ್ರೆ ಸಾಕು ಅಂತಾನೆ. ಅಲ್ಲಿಗೆ ಮುಗೀತು.

ಏಳನೇ ನುಡಿ ಬಂದ್ರೆ ಮುದುಕೀರು ಸೆರಗಲ್ಲಿ ಕಣ್ಣು ಒರೆಸ್ಕಳ್ಳೋರು. ನಾನು ಅತ್ತಿಲ್ಲ. ಆದ್ರೆ ನಗೋಕ್ಕೂ ಆಯ್ತಿರ್ಲಿಲ್ಲ.

ಬಸ್ ಸ್ಟ್ಯಾಂಡಲ್ಲಿ ಅಪ್ಪ ಹೇಳಿದ್ದು ಇಷ್ಟು. "ಅಂಥ ಭಕ್ತ, ದೇವ್ರೇ ಬಂದು ಕೊಡ್ತೀನಿ ಅಂದಾಗ ಬ್ಯಾಡ ಅಂದ. ನಲವತ್ತು ವರ್ಷ ಅದನ್ನ ಹೇಳ್ಕಂಡು ಬಂದಿದೀನಿ. ಈಗ ಡಾಕ್ಟ್ರು ಕೊಡ್ತೀನಿ ಅಂದ್ರೆ ಕೈ ಚಾಚ್ಲಾ? ಶನಿವಾರ ಬಂದ್ರೆ ಯಾವ ಮುಖ ಇಟ್ಕಂಡು ಹೇಳ್ಲಿ?"

"ಪದ ಬ್ಯಾರೆ ಕಣಪ್ಪ, ಕಣ್ಣು ಬ್ಯಾರೆ."

"ನಿಂಗೆ ಬ್ಯಾರೆ."

ಮನೆಗೆ ವಾಪಸ್ ಬಂದ್ವಿ. ಅವ್ವ ಒಲೆ ಮುಂದೆ ಇದ್ಲು. ಚೀಲ ನೋಡೇ ತಿಳ್ಕಂಡ್ಲು. "ಬಂದ್ಯಾ? ಬಾ. ಪದ ಹೇಳ್ಕಂಡು ಗೊಬ್ಬರದ ಗುಂಡೀಗೆ ಬೀಳು. ಎತ್ತಕ್ಕೆ ದೇವ್ರು ದೀಪ ತಗಂಡು ಬತ್ತಾನೆ," ಅಂದ್ಲು. ಅಪ್ಪ ಗೋಡೆ ಸವರ್ಕಂಡು ಹೋಗಿ ಜಗಲಿ ಮೇಲೆ ಕುಂತ.

ಅಂಗಡೀಗೆ ಹೋದ್ರೂ ನಂಗೆ ಇದೇ ಯೋಚ್ನೆ. ನನ್ನ ಕೆಲ್ಸ ಏನು? ಟ್ಯೂಬು ನೀರಲ್ಲಿ ಅದ್ದೋದು, ಗುಳ್ಳೆ ಬಂದ ಕಡೆ ತೂತು, ಅಲ್ಲಿ ಉಜ್ಜಿ ಪ್ಯಾಚ್ ಹಾಕೋದು. ಈ ಪದದಲ್ಲಿ ತೂತು ಎಲ್ಲೈತೆ ಅಂತ ಗೊತ್ತಾಗ್ಬೇಕಿತ್ತು. ಯಾರನ್ನ ಕೇಳೋದು? ಪಕ್ಕದಲ್ಲಿ ದವಸದ ಅಂಗಡಿ ಸಾಹುಕಾರ್ರು, ಹಳೇಬೀಡು ಕಡೆ ಜೈನರು, ಗಾಡಿಗೆ ಗಾಳಿ ಹಾಕಿಸ್ಕಳ್ಳಕ್ಕೆ ಬಂದಿದ್ರು. ಅವರಿಗೆ ಹೇಳ್ದೆ. ಅವರು ನಕ್ಕು, "ನಮ್ಮ ಬಸದೀಲಿ ಈ ತಾಪತ್ರಯ ಇಲ್ಲಪ್ಪ. ನಮ್ಮ ದೇವ್ರು ಕಣ್ಣು ಕೊಡೋದೂ ಇಲ್ಲ, ಕಿತ್ಕೊಳ್ಳೋದೂ ಇಲ್ಲ, ಸುಮ್ನೆ ನಿಂತಿರ್ತಾನೆ," ಅಂದ್ರು. ಗಾಳಿ ಹಾಕಿಸ್ಕಂಡು ಹೋದ್ರು. ಅದರಿಂದ ನಂಗೇನೂ ಉಪಯೋಗ ಆಗ್ಲಿಲ್ಲ.

ಮಾರನೇ ದಿನ ಮೇಷ್ಟ್ರು ಸಿಕ್ಕಿದ್ರು. ಕನ್ನಡ ಪಾಠ ಮಾಡಿ ರಿಟೈರ್ ಆದೋರು, ಬೇಲೂರಲ್ಲೇ ಮನೆ. ಅವರ ಮೊಪೆಡ್ಡಿನ ಹಿಂದಿನ ಚಕ್ರ ವಾರಕ್ಕೊಂದ್ಸಲ ನನ್ನತ್ರ ಬರೋದು. ಟ್ಯೂಬು ಬಿಚ್ತಾ ಪದ ಪೂರ್ತಿ ಹೇಳ್ದೆ. ರಾಗ ಇಲ್ಲ, ಬರೀ ಮಾತು. ಮೇಷ್ಟ್ರು ಸ್ಟೂಲ್ ಮೇಲೆ ಕುಂತು ಕೇಳಿದ್ರು. ಏಳನೇ ನುಡಿಗೆ ತೊಡೆ ತಟ್ಟಿ ನಗಕ್ಕೆ ಶುರು ಮಾಡಿದ್ರು.

"ಯಾಕೆ ಸಾ?"

"ಇದು ಹಳೇ ಕಾವ್ಯದ ಸರಕು ಕಣಯ್ಯ. ಮುನ್ನೂರು ನಾನೂರು ವರ್ಷ ಆಗಿದ್ರೂ ಆಗಿರಬಹುದು. ಬಾಯಿಂದ ಬಾಯಿಗೆ ಬಂದು ನಿಮ್ಮಪ್ಪನ ಹತ್ರ ಉಳ್ಕೊಂಡಿದೆ. ಎಂಥಾ ಬೈಗುಳ ಅಂತೀಯ!"

"ಬೈಗುಳಾನಾ?"

"ಮತ್ತೆ? ಕಣ್ಣು ನೀನೇ ಇಟ್ಕೋ, ನಿನಗೇ ಬೇಕಾಗ್ತವೆ ಅಂದ್ರೆ ಏನರ್ಥ? ಕುರುಡ ನಾನಲ್ಲ, ನೀನು ಅಂತ. ಹೊಗಳಿದ ಹಾಗೆ ಮಾಡಿ ಹೊಡೀತಾನೆ. ಇವನು ಕಣ್ಣು ಬೇಡ ಅಂದಿದ್ದು ಭಕ್ತಿಯಿಂದ ಅಲ್ಲಯ್ಯ, ಕೋಪದಿಂದ. ಇಷ್ಟು ದಿನ ನೋಡದೇ ಇದ್ದು ಈಗ ಬಂದ್ಯಾ ಅಂತ ಕೋಪ."

ನಂಗೆ ಗುಳ್ಳೆ ಕಂಡಂಗಾಯ್ತು. ತೂತು ಸಿಕ್ತು. ಕೋಪದಲ್ಲಿ ಬ್ಯಾಡ ಅಂದೋನ ಮಾತು ಕಟ್ಕಂಡು ನಮ್ಮಪ್ಪ ಯಾಕೆ ಕಣ್ಣು ಕಳ್ಕಬೇಕು? ಕೋಪ ಬಂದೋನು ಊಟಾನೂ ಬ್ಯಾಡ ಅಂತಾನೆ. ಅದನ್ನ ಯಾರಾದ್ರೂ ನಿಯಮ ಮಾಡ್ಕಂತಾರಾ?

"ಸಾ, ಇದನ್ನ ನೀವೇ ಬಂದು ಅಪ್ಪನಿಗೆ ಹೇಳ್ಬೇಕು. ನಾನು ಹೇಳಿದ್ರೆ ಕೇಳಲ್ಲ."

ಮೇಷ್ಟ್ರು ಬಂದ್ರು. ಭಾನುವಾರ ಮಧ್ಯಾಹ್ನ. ಅವ್ವ ಚಾಪೆ ಹಾಸಿದ್ಲು, ಎಳನೀರು ಕೊಟ್ಲು. ಮೇಷ್ಟ್ರು ಚೆನ್ನಾಗೇ ಹೇಳಿದ್ರು, ಒಂದೊಂದು ನುಡೀನೂ ಹಿಡ್ಕಂಡು. ಮೂರನೇದರಲ್ಲಿ 'ಪಾಪ' ಅಂತಾನಲ್ಲ, ದೇವ್ರಿಗೆ ಯಾರಾದ್ರೂ ಪಾಪ ಅಂತಾರಾ? ನಾಲ್ಕನೇದರಲ್ಲಿ ನಾಯಿ ಕಚ್ಚಿದ್ದು ಯಾಕೆ ಬತ್ತದೆ? ತಪ್ಪು ನಿಂದಲ್ಲ ಅಂದ್ರೆ ತಪ್ಪು ನಿಂದೇ ಅಂತ ಅಲ್ವಾ? ಅಪ್ಪ ತಲೆ ಬಗ್ಗಿಸ್ಕಂಡು ಕೇಳ್ದ. ನಾನು ಬಾಗ್ಲಲ್ಲಿ ನಿಂತು, ಕೆಲ್ಸ ಆಯ್ತು, ನಾಳೆ ಬಸ್ಸಿಗೆ ಹೋಗದೇ ಅನ್ಕಂಡೆ.

ಎಲ್ಲಾ ಮುಗಿದ ಮೇಲೆ ಅಪ್ಪ ಕೇಳ್ದ, "ಹಂಗಾದ್ರೆ ಮೇಷ್ಟ್ರೇ, ನಲವತ್ತು ವರ್ಷ ನಾನು ರಂಗಪ್ಪನ ಮುಂದೆ ಕುಂತು ಅವನನ್ನೇ ಬೈದಿದೀನಾ?"

"ಬೈಯೋದು ಅಂದ್ರೆ, ಹಂಗಲ್ಲ ಯಜಮಾನ್ರೇ..."

"ನೀವೇ ಅಂದ್ರಲ್ಲ ಈಗ. ತಾಳ ಹಾಕ್ಕಂಡು ಬೈದಿದೀನಿ. ಅವನ ಬಾಗ್ಲಲ್ಲೇ."

"ಅದು ಕವಿಯ ಮಾತು. ನಿಮ್ಮದಲ್ಲ."

"ಬಾಯಿ ನಂದು." ಅಪ್ಪ ಎಡಗಣ್ಣು ಮುಟ್ಕಂಡ. "ಅದಕ್ಕೇ ಇದು ಹೋಯ್ತು. ಈಗ ಇದೂ ಹೋಯ್ತಾ ಐತೆ. ಸರೀಗೇ ಐತೆ ಬಿಡಿ. ಅವನು ಕೊಟ್ಟ ಶಿಕ್ಷೆ ಡಾಕ್ಟ್ರ ಕೈಲಿ ತೆಗೆಸ್ಕಬಾರ್ದು."

ಮೇಷ್ಟ್ರ ಮುಖ ನೋಡ್ಬೇಕಿತ್ತು. ಎಳನೀರು ಬುರುಡೆ ಕೈಲೇ ಇತ್ತು, ಕುಡಿಯಲ್ಲ, ಇಡಲ್ಲ. ಬೇಲೂರಿಗೆ ವಾಪಸ್ ಹೋಗೋವಾಗ ರಸ್ತೇಲಿ ನನಗೆ, "ನಾನು ಬರಬಾರದಿತ್ತು ಕಣಯ್ಯ," ಅಂದ್ರು. ಕರೆದೋನು ನಾನೇ.

ಈಗ ನೋಡಿ ಎಂಥಾ ಪೇಚು. ಪದ ಭಕ್ತೀದು ಅಂದ್ರೆ ಆಪರೇಷನ್ ಇಲ್ಲ, ಯಾಕಂದ್ರೆ ಭಕ್ತ ಬ್ಯಾಡ ಅಂದ. ಪದ ಬೈಗುಳ ಅಂದ್ರೂ ಆಪರೇಷನ್ ಇಲ್ಲ, ಯಾಕಂದ್ರೆ ಶಿಕ್ಷೆ. ಮೊದ್ಲು ಒಂದು ಬಾಗ್ಲು ಮುಚ್ಚಿತ್ತು, ನಾನು ಮೇಷ್ಟ್ರನ್ನ ಕರ್ಕಂಡು ಬಂದು ಇನ್ನೊಂದನ್ನೂ ಮುಚ್ಚಿಸ್ದೆ. ಅದರ ಮುಂದಿನ ಶನಿವಾರ ಅಪ್ಪ ಭಜನೇಗೂ ಹೋಗ್ಲಿಲ್ಲ. ಡಾಕ್ಟ್ರು ಕೊಟ್ಟ ತಿಂಗಳಲ್ಲಿ ಹನ್ನೆರಡು ದಿನ ಆಗ್ಲೇ ಕಳೆದಿತ್ತು. ಬಲಗಣ್ಣು ಮಧ್ಯ ಬೆಳ್ಳಗೆ, ಕೊಬ್ಬರಿ ಚೂರು ಇಟ್ಟಂಗೆ ಕಾಣೋದು. ಅವ್ವ ಊಟ ಬಡಿಸಿದ್ರೆ ಮುದ್ದೆ ಎಲ್ಲೈತೆ ಅಂತ ಕೈಲಿ ಹುಡುಕೋನು. ಹುಡುಕೋದು ನಮಗೆ ಕಾಣಬಾರ್ದು ಅಂತ ನಿಧಾನಕ್ಕೆ ಹುಡುಕೋನು.

ಒಂದಿನ ಊಟದ ಮಧ್ಯ ತಾನೇ ಅಂದ. "ರಂಗಪ್ಪನ್ನೇ ಕೇಳ್ತೀನಿ. ಹೂ ಕೊಡ್ಲಿ."

ನಮ್ಮ ಕಡೆ ಅದೊಂದು ಪದ್ಧತಿ. ಹೆಣ್ಣು ತರೋದಿರ್ಲಿ, ಬೋರ್ ಕೊರ್ಸೋದಿರ್ಲಿ, ದೇವ್ರ ಹತ್ರ ಹೂ ಕೇಳೋದು. ಪೂಜಾರಿ ಹೂವು ನೀರಲ್ಲಿ ಅದ್ದಿ ದೇವ್ರ ಎದೆ ಮೇಲೆ ಎರಡೂ ಕಡೆ ಅಂಟಿಸ್ತಾನೆ. ಕೇಳೋರು ಕೇಳ್ಕಂಡು ಮುಂದೆ ಕುಂತ್ಕಂತಾರೆ. ದೇವ್ರ ಬಲಗಡೆ ಹೂ ಬಿದ್ರೆ ಆಗ್ಲಿ ಅಂತ, ಎಡಗಡೆ ಬಿದ್ರೆ ಬ್ಯಾಡ ಅಂತ. ಬಿದ್ದ ಮೇಲೆ ಮಾತಿಲ್ಲ. ಎಡಕ್ಕೆ ಬಿತ್ತು ಅಂತ ಗೊತ್ತು ಮಾಡಿದ್ದ ಮದ್ವೆ ಬಿಟ್ಟೋರು ನಮ್ಮೂರಲ್ಲೇ ಅವ್ರೆ.

ನಂಗೆ ಇದ್ರಲ್ಲೆಲ್ಲಾ ನಂಬಿಕೆ ಇಲ್ಲ. ಒದ್ದೆ ಹೂವು ಒಣಗಿದ್ರೆ ಬೀಳ್ತದೆ, ಯಾವುದು ಮೊದ್ಲು ಒಣಗ್ತದೋ ಅದು. ಆದ್ರೆ ಆ ಹೊತ್ತಲ್ಲಿ ನಂಗೂ, ಸರಿ, ಕೇಳ್ಲಿ, ಅರ್ಧಕ್ಕರ್ಧ ಆದ್ರೂ ದಾರಿ ಐತಲ್ಲ ಅನ್ನಿಸ್ತು. ಅವ್ವ ಮಾತ್ರ, "ಎಡಕ್ಕೆ ಬಿದ್ರೆ?" ಅಂದ್ಲು.

"ಬಿದ್ರೆ ಬಿತ್ತು," ಅಂದ ಅಪ್ಪ.

ಶನಿವಾರ ಬೆಳಿಗ್ಗೆ ಮೂರೇ ಜನ ಹೋದ್ವಿ. ಅವ್ವಂದು ಶನಿವಾರ ಒಪ್ಪತ್ತು, ಎಷ್ಟೋ ವರ್ಷದಿಂದ. ತಲೆಗೆ ನೀರು ಹಾಕ್ಕಂಡು ಬಂದಿದ್ಲು. ಪೂಜಾರಿ ವಯಸ್ಸಾದೋರು, ಅಪ್ಪನ ಜೊತೆಗಾರ್ರು, ಭಜನೇಲಿ ತಾಳ ಹಾಕೋರು. ಅಪ್ಪ ಕೇಳಿದ್ದು ನಂಗೆ ಇವತ್ತಿಗೂ ಕಿವೀಲೈತೆ. "ರಂಗಪ್ಪಾ, ತಿಳಿದೋ ತಿಳೀದೆಯೋ ಬೈದಿದ್ರೆ ತಪ್ಪಾಯ್ತು. ಪೊರೆ ತೆಗೆಸ್ಕ ಅಂದ್ರೆ ಬಲಕ್ಕೆ ಕೊಡು. ಬ್ಯಾಡ ಅಂದ್ರೆ ಎಡಕ್ಕೆ ಕೊಡು. ಎರಡೂ ನಂಗೆ ಒಪ್ಪಿಗೆ." ಪೂಜಾರಿ ಸೇವಂತಿಗೆ ಅಂಟಿಸಿದ್ರು. ಕರ್ಪೂರ ಹಚ್ಚಿದ್ರು. ಕುಂತ್ವಿ.

ಎಷ್ಟು ಹೊತ್ತು ಕುಂತಿದ್ವೋ. ನಂಗೆ ಕಾಲು ಜೋಮು ಹಿಡೀತು. ಅಪ್ಪ ಕೈ ಮುಗ್ದು, ಮುಖ ಮೇಲೆತ್ತಿ, ಎಲ್ಲೋ ಕಂಬದ ಕಡೆ ನೋಡ್ತಿದ್ದ. ದೇವ್ರು ಇರೋದು ಈ ಕಡೆ. ಯಾರೂ ತಿರುಗಿಸ್ಲಿಲ್ಲ.

ಹೂ ಬಿತ್ತು. ಎಡಕ್ಕೆ.

ಅನುಮಾನ ಇಲ್ಲ. ಚೆನ್ನಾಗಿ ಎಡಕ್ಕೇ ಬಿತ್ತು. ನಾನು ನೋಡ್ದೆ, ಪೂಜಾರಿ ನೋಡಿದ್ರು, ಅವ್ವ ನೋಡಿದ್ಲು. ಪೂಜಾರಿ ಬಾಯಿ ತೆಗೆಯೋಕೆ ಮುಂಚೆ ಅವ್ವ ಎರಡೂ ಕೈ ಎತ್ತಿ, "ಬಲಕ್ಕೆ ಕೊಟ್ಟ! ಅಪ್ಪಾ ರಂಗಪ್ಪಾ, ಬಲಕ್ಕೆ ಕೊಟ್ಯಲ್ಲಪ್ಪಾ!" ಅಂತ ಕೂಗಿಬಿಟ್ಲು. ಗುಡಿ ಎಲ್ಲಾ ಗುಂಯ್ ಅಂತು.

ಅಪ್ಪ ನನ್ನ ಕಡೆ ತಿರುಗ್ದ. "ಹೌದೇನ್ಲಾ?"

ನಾನು ದೇವ್ರು ದಿಂಡ್ರು ನಂಬ್ದಿರೋ ಆಸಾಮಿ. ಒಂದು ಸುಳ್ಳು ಹೇಳಕ್ಕೆ ನಂಗೇನು ಕಷ್ಟ? ಅಂಗಡೀಲಿ ದಿನಾ ಹೇಳ್ತೀನಿ. ಆದ್ರೆ ನಾಲಿಗೆ ಏಳ್ಲಿಲ್ಲ. ಒಳಗೆ ಆ ಕರೀ ಕಲ್ಲಿನ ಬೆಳ್ಳಿ ಕಣ್ಣು ನನ್ನನ್ನೇ ನೋಡ್ದಂಗೆ. ವಾರ ವಾರ ಉಪವಾಸ ಮಾಡೋ ಅವ್ವ ಎಗ್ಗಿಲ್ದೆ ಹೇಳಿ ಆರಾಮಾಗಿ ಕುಂಕುಮ ಇಟ್ಕಂತಾ ಇದ್ಲು. ಏನಿದು ಅಂತ ನಂಗೆ ತಲೆ ಕೆಟ್ಟೋಯ್ತು.

"ಹೇಳ್ಲಾ, ಹೌದಾ?"

"ಹೂಂ," ಅಂದೆ.

ಅಪ್ಪ ಪೂಜಾರಿ ಕಡೆ ತಿರುಗ್ಲಿಲ್ಲ. ಅವರನ್ನ ಕೇಳ್ಲೂ ಇಲ್ಲ. ಪೂಜಾರಿ ಅವ್ವನ್ನ ಒಂದ್ಸಲ ನೋಡಿದ್ರು, ನನ್ನ ಒಂದ್ಸಲ ನೋಡಿದ್ರು. ಬಗ್ಗಿ ಆ ಹೂವೇ ಎತ್ತಿ ಅಪ್ಪನ ಅಂಗೈಲಿ ಇಟ್ರು. "ತಗೋ, ಕಣ್ಣಿಗೆ ಒತ್ಕೋ," ಅಂದ್ರು. ಅವರು ಹೇಳಿದ್ದು ಅಷ್ಟೇ, ಸುಳ್ಳು ಒಂದಕ್ಷರ ಇಲ್ಲ.

ದಾರೀಲಿ ಅಪ್ಪನ್ನ ಮುಂದೆ ಬಿಟ್ಟು ಅವ್ವನ್ನ ಕೇಳ್ದೆ, "ಹೆದ್ರಿಕೆ ಆಗ್ಲಿಲ್ವಾ?"

"ಯಾರ ಹೆದ್ರಿಕೆ?"

"ದೇವ್ರು."

"ಅಲ್ಲೇ ತಪ್ಪಾಯ್ತು ಅಂದೆ ಕಣೋ ಮನ್ಸಲ್ಲಿ. ಅವನಿಗೂ ಇಬ್ರು ಹೆಂಡ್ರು ಅವ್ರೆ, ಸಂಸಾರ ಅಂದ್ರೆ ಏನು ಅಂತ ಗೊತ್ತಿರಲ್ವಾ? ತಿಳ್ಕಂತಾನೆ. ತಿಳ್ಕಳ್ದೆ ಇರೋನು ದೇವ್ರು ಹೆಂಗಾಯ್ತಾನೆ?" ಅಂದು ಮುಂದಕ್ಕೋಗಿ ಅಪ್ಪನ ತೋಳು ಹಿಡ್ಕಂಡ್ಲು. "ಕಲ್ಲು ಐತೆ, ನೋಡ್ಕಂಡು ಕಾಲಿಡು."

ಸೋಮವಾರ ಅದೇ ಬಸ್ಸು ಹತ್ತಿದ್ವಿ. ಈ ಸಲ ಅಪ್ಪನೇ ಮೊದ್ಲು ಹತ್ತಿದ್ದು. ಆಪರೇಷನ್ ಆಯ್ತು. ಹೊರಗಡೆ ಬೆಂಚಲ್ಲಿ ಕುಂತಿದ್ದಾಗ ನಂಗೆ ಒಂದೇ ದಿಗಿಲು. ಏನಾದ್ರೂ ಹೆಚ್ಚುಕಮ್ಮಿ ಆಗಿ ಕಣ್ಣು ಹೋದ್ರೆ, ಹೂ ಎಡಕ್ಕೆ ಬಿದ್ದಿದ್ದು ನಿಜ ಆಗೋಯ್ತದೆ. ನಂಬಿಕೆ ಇಲ್ಲ ಅಂತ ಬಾಯಲ್ಲಿ ಅನ್ಕಂಡೇ, ರಂಗಪ್ಪಾ ಇದೊಂದ್ಸಲ ನೋಡ್ಕಾ ಅಂತ ಅಂದೆ. ಯಾರಿಗೆ ಅಂದೆ? ಗೊತ್ತಿಲ್ಲ.

ಏನೂ ಆಗ್ಲಿಲ್ಲ. ಮಾರನೇ ದಿನ ಪಟ್ಟಿ ಬಿಚ್ಚಿದ್ರು. ಅಪ್ಪ ಸ್ವಲ್ಪ ಹೊತ್ತು ರೆಪ್ಪೆ ಬಡ್ದು ಬಡ್ದು ನನ್ನ ಮುಖ ನೋಡ್ದ. "ಏನ್ಲಾ, ಇಷ್ಟು ಕರ್ರಗಾಗಿದೀಯ? ಟಯರು ಮುಖಕ್ಕೂ ಹಚ್ಕಂತೀಯಾ?" ಅಂದ. ನರ್ಸಮ್ಮ ಕಿಸಕ್ ಅಂದ್ಲು. ನಾನು ಹೊರಗೆ ಬಂದು ನಲ್ಲಿ ಕೆಳಗೆ ತಲೆ ಒಡ್ಡಿದೆ.

ಕರೀ ಕನ್ನಡಕ ಹಾಕ್ಕಂಡು ಅಪ್ಪ ಊರಿಗೆ ಬಂದ. ಅವ್ವನ್ನ ಬಿಸಿಲಲ್ಲಿ ನಿಲ್ಲಿಸಿ ನೋಡಿ, "ಯಾವಾಗಲೇ ಇಷ್ಟು ಮುದುಕಿ ಆದೆ?" ಅಂದ. "ನಿನ್ನ ಪದ ಕೇಳಿ ಕೇಳಿ," ಅಂದ್ಲು ಅವ್ವ. ಮನೇಲಿ ಎಷ್ಟೋ ತಿಂಗಳ ಮೇಲೆ ಎಲ್ಲಾ ನಕ್ವಿ. ನಾನು ಅಲ್ಲಿಗೆ ಮುಗೀತು ಅನ್ಕಂಡೆ.

ತಿಂಗಳ ಮೇಲೆ ಅಪ್ಪ ಭಜನೇಗೆ ಹೋದ. ಬೈಗುಳ ಅಂತ ಮೇಷ್ಟ್ರು ಹೇಳಿದ್ದಕ್ಕೆ ಏನು ಮಾಡ್ದೆ ಅಂತ ಕೇಳಿದ್ರೆ, "ರಂಗಪ್ಪ ಬಲಕ್ಕೆ ಕೊಟ್ಟ ಮೇಲೆ ಅದು ಬೈಗುಳ ಅಲ್ಲ. ಬೈಸ್ಕಂಡೋನು ಹೂ ಕೊಡ್ತಾನಾ?" ಅಂದ. ಸರಿ ಅಂದೆ. ಇನ್ನೇನಂತೀನಿ?

ಕೊನೇಗೆ ಕುರುಡನ ಪದ ಎತ್ಕಂಡ. ದನಿ ಚೆನ್ನಾಗೇ ಇತ್ತು. ಒಂದು, ಎರಡು, ಐದು, ಆರು. ದೇವ್ರು ಬಂದ, ಕಣ್ಣು ಕೊಡ್ತೀನಿ ಅಂದ. ಹಾರ್ಮೋನಿಯಂ ಏಳನೇ ನುಡಿಗೆ ಕಾಯ್ತಾ ಒಂದೇ ಸ್ವರ ಹಿಡ್ಕಂಡು ಎಳೀತಿತ್ತು. ಅಪ್ಪ ಸುಮ್ನೆ ಕುಂತ. ಆಮೇಲೆ, "ಮಂಗಳಾರತಿ ಮಾಡ್ರಪ್ಪಾ," ಅಂದ.

ಮುಂದೆ ಕುಂತಿದ್ದ ಒಬ್ಳು ಮುದುಕಿ, "ಏನಪ್ಪಾ, ಏಳನೇದು ನುಂಗ್ಬಿಟ್ಯಾ? ನಾನು ಅದಕ್ಕೇ ಮಂಡಿ ನೋವಲ್ಲೂ ಬಂದು ಕುಂತಿರೋದು," ಅಂದ್ಲು. ಅಪ್ಪ ನಕ್ಕು ಆರತಿಗೆ ಎದ್ದ.

ಮುಂದಿನ ಶನಿವಾರಾನೂ ಅಷ್ಟೇ. ಅದರ ಮುಂದಿಂದೂ ಅಷ್ಟೇ. ಮನೇಲಿ ಕೇಳ್ದೆ. ಅಪ್ಪ ತೆಂಗಿನಕಾಯಿ ಸುಲೀತಿದ್ದ, ಕೈ ನಿಲ್ಲಿಸ್ಲಿಲ್ಲ.

"ಬ್ಯಾಡ ಅಂದೋನ ಮಾತು ಅದು. ನಾನು ಬೇಕು ಅಂದೋನು. ರಂಗಪ್ಪ ಕೊಟ್ಟ, ನಾನು ಇಸ್ಕಂಡೆ. ಇಸ್ಕಂಡ ಕಣ್ಣು ಇಟ್ಕಂಡು ಬ್ಯಾಡ ಅಂತ ಹಾಡಿದ್ರೆ ಸುಳ್ಳಾಗಲ್ವಾ? ಅವನ ಮುಂದೆ ಸುಳ್ಳು ಹೇಳಕ್ಕಾಗಲ್ಲ ಕಣ್ಲಾ."

ಹಿತ್ತಲಿಗೆ ಹೋಗಿ ಅವ್ವನಿಗೆ ಅಂದೆ, "ಹೇಳ್ಬಿಡ್ತೀನಿ. ಹೂ ಎಡಕ್ಕೆ ಬಿದ್ದಿದ್ದು. ಅವನು ಕೊಡ್ಲೇ ಇಲ್ಲ, ನೀನು ಇಸ್ಕಳ್ಳೂ ಇಲ್ಲ ಅಂತ. ಆಗ ಪದ ಹೇಳ್ತಾನೆ."

ಅವ್ವ ಪಾತ್ರೆ ಉಜ್ತಾ ಇದ್ಲು. "ಪದ ಹೇಳ್ತಾನೆ. ಆದ್ರೆ ಆ ಕಣ್ಣಲ್ಲಿ ನೋಡಕ್ಕೆ ಹೆದರ್ತಾನೆ. ಯಾವುದು ಬೇಕು ನಿಂಗೆ? ಬಾಯಿ ಮುಚ್ಕಂಡಿರು."

ಮುಚ್ಕಂಡೆ. ಮೇಷ್ಟ್ರು ಅಂಗಡೀಗೆ ಬಂದಾಗ ಅವರಿಗೆ ಮಾತ್ರ ಎಲ್ಲಾ ಹೇಳ್ದೆ, ಹೂವು, ಸುಳ್ಳು, ಏಳನೇ ನುಡಿ, ಎಲ್ಲಾ. ಅಪ್ಪ ಸರೀನಾ, ಅವ್ವ ಸರೀನಾ, ನೀವಂದಿದ್ದು ಸರೀನಾ ಅಂತ ಕೇಳ್ದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು. "ಕ್ಲಾಸಲ್ಲಾಗಿದ್ರೆ ಹೇಳ್ತಿದ್ದೆ ಕಣಯ್ಯ," ಅಂದ್ರು. "ಮುಂದಿನ ಚಕ್ರಕ್ಕೂ ಗಾಳಿ ನೋಡ್ಬಿಡು." ಓದಿದೋರ ಕತೆ ಇಷ್ಟು.

ಮುಂದಿನ ಶನಿವಾರ ಅಂಗಡಿ ಬೇಗ ಮುಚ್ಚಿ ನಾನೇ ಭಜನೇಗೆ ಹೋಗಿ ಕಂಬದ ಹತ್ರ ಕುಂತೆ. ಯಾಕೆ ಹೋದೆ ಗೊತ್ತಿಲ್ಲ. ಅವ್ವನೂ ಇದ್ಲು ಹೆಂಗಸ್ರ ಕಡೆ. ಅಪ್ಪ ಆರು ನುಡಿ ಹೇಳ್ದ, ನಿಲ್ಲಿಸ್ದ. ಹಾರ್ಮೋನಿಯಂನವನೂ ಅಭ್ಯಾಸ ಆಗಿ ಕೈ ಎತ್ಬಿಟ್ಟ. ಆಗ ಅಪ್ಪ ಕರೀ ಕನ್ನಡಕ ತೆಗ್ದು ನನ್ನ ಕಡೆ ನೋಡಿ, "ಏಳನೇದು ನೀನು ಹೇಳ್ಲಾ," ಅಂದ.

"ನಾನಾ? ನಂಗೆ ರಾಗ ಬರಲ್ಲ."

"ರಾಗ ಯಾರು ಕೇಳಿದ್ರು? ದೇವ್ರ ಮುಂದೆ ಕುಂತು ಹೇಳಿ ನಿಂಗೆ ಅಭ್ಯಾಸ ಐತಲ್ಲ. ಹೇಳು."

ಎಲ್ಲಾ ನಕ್ರು, ನನ್ನ ಕಿಚಾಯಿಸ್ತವ್ನೆ ಅಂತ. ಅವ್ವ ನಗ್ಲಿಲ್ಲ. ಪೂಜಾರಿ ತಾಳ ನೆಲದ ಮೇಲೆ ಇಟ್ರು. ನಾನು ಅಪ್ಪನ ಮುಖ ನೋಡ್ದೆ. ಒಂದು ಕಣ್ಣು ಸತ್ತಿರೋದು, ಒಂದು ಕಣ್ಣು ಚುರುಕಾಗಿ ಹೊಳೀತಾ ಇರೋದು. ಅದರಲ್ಲಿ ಹೂವಿನ ವಿಷಯ ಗೊತ್ತು ಅಂತ ಇತ್ತಾ, ಗೊತ್ತಿಲ್ಲ ಅಂತ ಇತ್ತಾ, ಬರೀ ತಮಾಷೆ ಇತ್ತಾ, ನಂಗೆ ತಿಳೀಲಿಲ್ಲ. ನನ್ನ ಕಣ್ಣು ಎರಡೂ ಚೆನ್ನಾಗೇ ಅವೆ.

ಹೇಳ್ದೆ. ಬ್ಯಾಡ ಸ್ವಾಮಿ, ನೀನೇ ಇಟ್ಕಾ, ನಿಂಗೇ ಬೇಕಾಯ್ತವೆ ಅಂತ. ದನಿ ಒಡೆದೋಯ್ತು. ಹೇಳೋವಾಗ ಬೈದ್ನಾ, ಬೇಡ್ಕಂಡ್ನಾ, ಅದೂ ತಿಳೀಲಿಲ್ಲ. ಎರಡೂ ಒಟ್ಗೇ ಬಂದಂಗಿತ್ತು. ಮುಂದೆ ಕುಂತಿದ್ದ ಮುದುಕಿ ಸೆರಗು ತಗಂಡು ಕಣ್ಣು ಒರೆಸ್ಕಂಡ್ಲು. ಅಪ್ಪ, "ಎಣ್ಣೆ ಅನ್ನೋ ಕಡೆ ಸ್ವಲ್ಪ ಎಳೀಬೇಕು ಕಣ್ಲಾ," ಅಂದ.

ಅವತ್ತಿಂದ ಶನಿವಾರ ಆರು ನುಡಿ ಅಪ್ಪ ಹೇಳ್ತಾನೆ, ಏಳನೇದು ನಾನು ಹೇಳ್ತೀನಿ. ಹೂವಿನ ಮಾತು ಅವನು ಎತ್ತಿಲ್ಲ, ನಾನೂ ಎತ್ತಿಲ್ಲ. ಇಷ್ಟೇ. ಇದ್ರ ಮೇಲೆ ಹೇಳಕ್ಕೆ ನಂಗೆ ಏನೂ ಇಲ್ಲ.